ಮಗಳ ಬಾಯಾರಿಕೆ

ಗುರುವಾರ, ಹದಿನಾಲ್ಕು.

ನಾನು ಈ ಮನೆಯ ಹಿರಿಯಳು, ಹೊಲಿಗೆ ಅಂಗಡಿಯ ಯಜಮಾನಿ. ಎರಡೂ ಕಡೆ ನನ್ನ ಮಾತೇ ನಡೆಯುವುದು.

ಮಗಳು ಬಟ್ಟೆ ಕತ್ತರಿಸುತ್ತಲೇ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು. "ಅಮ್ಮಾ, ಅಂಗಡೀಲೇ ಒಂದು ಬಾವಿ ತೋಡಿಸಿಬಿಡು," ಎಂದು ನಗುತ್ತಿದ್ದಳು. ಯಾವುದೋ ಹಾರ್ಮೋನು ಕಡಿಮೆಯಾಗಿದೆ ಎಂದು ಮಾತ್ರೆ ಕೊಟ್ಟರು. ದಾಹ ನಿಂತಿತು, ನಾವೂ ನಿಶ್ಚಿಂತರಾದೆವು. ಆಮೇಲೆ ಮೈಮೇಲೆ ನೀಲಿ ಕಲೆಗಳೆದ್ದವು. ರಕ್ತ ಪರೀಕ್ಷೆ ಮಾಡಿದರೆ ರಕ್ತದ ಕ್ಯಾನ್ಸರ್! ಆ ಬಾಯಾರಿಕೆಯೇ ಅದರ ಮೊದಲ ಸುಳಿವಂತೆ.

ಇವತ್ತು ಡಾಕ್ಟರು, "ಒಡಹುಟ್ಟಿದವರ ಮೂಳೆಮಜ್ಜೆ ಹೊಂದಿದ್ರೆ ಉಳಿಸ್ಕೋಬಹುದು. ಯಾರಿದ್ದಾರೆ?" ಎಂದರು.

ಅವಳಿಗೆ ಇರುವವನು ಒಬ್ಬ ಅಣ್ಣ, ನನ್ನ ಮಗ. ನನ್ನ ಮಾತು ಮೀರಿ ಮದುವೆಯಾದನೆಂದು, ಹೊಸ್ತಿಲು ತುಳಿಯಬೇಡ ಎಂದಿದ್ದೆ. ಆ ಮಾತು ಈಗಲೂ ಸರಿಯೆಂದೇ ಅನ್ನುತ್ತೇನೆ. ಆದರೆ ಅದನ್ನು ಕಟ್ಟಿಕೊಂಡು ಏನು ಮಾಡಲಿ? ಮಗಳು ಕಣ್ಣೆದುರೇ ಕರಗುತ್ತಿದ್ದಾಳೆ.

ಸಂಜೆ ಫೋನ್ ಮಾಡಿದೆ. ಸೊಸೆ ಎತ್ತಿದಳು.

"ಯಾರು?"

"ನಿನ್ನ ಅತ್ತೆ."

"ಬೈಯೋದಿದ್ರೆ ಆಮೇಲೆ ಬೈಯಿರಿ. ಇವ್ರು ಊಟಕ್ಕೆ ಕೂತಿದ್ದಾರೆ."

"ಊಟದಿಂದಾನೇ ಎಬ್ಬಿಸಮ್ಮಾ. ಕೈ ಮುಗಿತೀನಿ."

ಅವನು ಫೋನಿಗೆ ಬಂದ. ಹೇಳಿದೆ. ಅವನು ಅಳುತ್ತಿದ್ದ. ಬರುತ್ತಾನೋ, ಬಂದರೂ ಹೊಂದುತ್ತದೋ, ತಿಳಿಯದು. ಇಬ್ಬರೂ ಬನ್ನಿ ಎಂದು ಕರೆದಿದ್ದೇನೆ.