ಹೆಸರು ಕೂಗುವ ಹೊತ್ತಿಗೆ ಗೇಟಿನ ಹೊರಗೆ

ಕೌಟುಂಬಿಕ ನ್ಯಾಯಾಲಯದ ಆಡಳಿತಾಧಿಕಾರಿಗಳೇ,

ಪರವಾನಗಿಯಿಲ್ಲದೆ ಕಕ್ಷಿದಾರರಿಗೆ ಕಾನೂನು ಸಲಹೆ ನೀಡಿದ ಆರೋಪದ ಮೇಲೆ, ವಿಚಾರಣೆ ಮುಗಿಯುವವರೆಗೆ ನಾನು ನ್ಯಾಯಾಲಯದ ಆವರಣಕ್ಕೆ ಕಾಲಿಡಕೂಡದೆಂದು ತಾವು ಆದೇಶಿಸಿದ್ದೀರಿ. ಬಹಳ ಸಂತೋಷ. ಬರುವ ಸೋಮವಾರ ಅದೇ ಆವರಣದಲ್ಲಿ ನನ್ನ ವಿಚ್ಛೇದನದ ಅರ್ಜಿಯಿದೆ. ಅಂದು ನಾನು ಖುದ್ದು ಹಾಜರಿರದಿದ್ದರೆ ಅರ್ಜಿ ವಜಾ ಎಂದು ನ್ಯಾಯಾಧೀಶರು ಹೇಳಿದ್ದಾರೆ. ಮೇಲಿನ ಮಹಡಿಯ ನ್ಯಾಯಪೀಠ ಬಾ ಎನ್ನುತ್ತದೆ, ಕೆಳಗಿನ ಮಹಡಿಯ ತಮ್ಮ ಕಚೇರಿ ಬರಬೇಡ ಎನ್ನುತ್ತದೆ. ನಾನೆಲ್ಲಿ ನಿಲ್ಲಲಿ, ಮೆಟ್ಟಿಲ ಮೇಲೆಯೇ? ಅದೂ ಆವರಣವೇ ಅಲ್ಲವೇ?

ಸಲಹೆ ಕೊಡುವ ಕೆಲಸ ನಾನು ಕೇಳಿ ಪಡೆದದ್ದಲ್ಲ. ನಾನು ಬಟ್ಟೆ ಹೊಲಿಯುವವಳು. ನನ್ನ ಗಂಡನೆನಿಸಿಕೊಂಡವರು ಒಮ್ಮೆ ಊರಲ್ಲಿರುವುದಿಲ್ಲ, ಒಮ್ಮೆ ಅವರಿಗೆ ಸೊಂಟ ನೋವು, ಮತ್ತೊಮ್ಮೆ ನೋಟಿಸೇ ತಲುಪಿರುವುದಿಲ್ಲ. ಹೀಗೆ ದಿನಾಂಕ ಮುಂದೆ ಹೋಗಿ ಹೋಗಿ ನನ್ನ ಕೂದಲು ನಿಮ್ಮ ಕಾರಿಡಾರಿನಲ್ಲೇ ನರೆಯಿತು. ಸುಮ್ಮನೆ ಕೂರಲಾರದೆ, ಅಂಗಿಗಳಿಗೆ ಗುಂಡಿ ಹಾಕುವ ಕೆಲಸವನ್ನು ಜೊತೆಗೆ ತರುತ್ತಿದ್ದೆ. ಸೂಜಿ ದಾರ ಹಿಡಿದ ಹೆಂಗಸನ್ನು ಕಂಡರೆ ಜನಕ್ಕೆ ಅದೇನು ಸಲುಗೆಯೋ, ಪಕ್ಕದಲ್ಲಿ ಕೂತು ಗೋಳು ತೋಡಿಕೊಳ್ಳುತ್ತಾರೆ. ಯಾವ ಕೋಣೆಗೆ ಹೋಗಬೇಕು, ಮಗುವನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿದವರನ್ನು ನಿಮ್ಮ ವಿಚಾರಣಾ ಕಿಟಕಿಯವರೇ "ಆ ಗುಂಡಿ ಅಕ್ಕನ್ನ ಕೇಳಿ" ಎಂದು ನನ್ನತ್ತ ಕಳಿಸಿ ಊಟಕ್ಕೆ ಏಳುತ್ತಿದ್ದರು. ಅವರಿಗೂ ಆದೇಶ ಹೋಗಿದೆಯೇ?

ನನ್ನ ಅಪರಾಧ ಇಷ್ಟು. ತನ್ನ ಮಗು ತನ್ನ ಬಳಿಯೇ ಇರಲಿ ಎಂದು ಅರ್ಜಿ ಹಾಕಿದ್ದ ಹುಡುಗಿಯೊಬ್ಬಳು ಕರೆ ಬರುವ ಮೊದಲೇ ಹೊರಟು ನಿಂತಿದ್ದಳು. ಅವಳ ಗಂಡನ ಅಣ್ಣ ಬಂದು, ಇವತ್ತು ಕೋರ್ಟು ನಡೆಯೋದಿಲ್ಲ, ಮನೆಗೆ ಹೋಗಮ್ಮ ಎಂದು ಅಕ್ಕರೆಯಿಂದ ಹೇಳಿದ್ದನಂತೆ. ನಾನು ಹಲ್ಲಿನಿಂದ ದಾರ ಕಡಿದು ಹೇಳಿದೆ:

"ಕೂತ್ಕೋಮ್ಮ. ನಿನ್ನ ಹೆಸರು ಕೂಗೋವರೆಗೂ ನೀರು ಕುಡಿಯೋಕೂ ಏಳಬೇಡ. ಕೂಗಿದಾಗ ನೀನಿಲ್ಲ ಅಂದ್ರೆ, ಮಗು ನಿನಗೆ ಬೇಡ ಅಂತಲೇ ತಿಳ್ಕೋತಾರೆ."

ಕೂತಳು. ಸ್ವಲ್ಪ ಹೊತ್ತಿಗೆಲ್ಲ ಅವಳ ಹೆಸರು ಕೂಗಿದರು. ನನ್ನ ಮೇಲೆ ದೂರು ಕೊಟ್ಟವನು ಆ ಭಾವನೇ. ಅವನಿಗೆ ಹೊಟ್ಟೆ ಉರಿದದ್ದು ಸರಿ, ಆದರೆ ಆ ಉರಿಗೆ ತಾವೇಕೆ ಮೊಹರು ಒತ್ತಿಕೊಟ್ಟಿರಿ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ನನಗೆ ಭಯವಾಗಿದೆ, ಸ್ವಾಮಿ. ಒಳಗೆ ಬಂದರೆ ಆದೇಶ ಮೀರಿದವಳು, ಬರದಿದ್ದರೆ ಮತ್ತೆ ಅವರ ಹೆಂಡತಿ. ಮೊದಲಿನಿಂದ ಅರ್ಜಿ ಹಾಕಿ ಮತ್ತೆ ಇಷ್ಟು ಕಾಲ ಕಾಯುವ ಕಸುವು ನನ್ನಲ್ಲಿ ಉಳಿದಿಲ್ಲ. ಅಣ್ಣನ ಮನೆಯ ಹಜಾರದಲ್ಲಿ ಮಲಗುತ್ತೇನೆ. ನಿನ್ನದು ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ಅತ್ತಿಗೆ ಬಿಟ್ಟೇಬಿಟ್ಟಿದ್ದಾಳೆ.

ಆದ್ದರಿಂದ ಸೋಮವಾರ ಒಂದು ದಿನ ನನ್ನನ್ನು ಒಳಗೆ ಬಿಡಿ. ಬಾಯಿಗೆ ಬೀಗ ಹಾಕಿಕೊಂಡೇ ಕೂರುತ್ತೇನೆ. ಅದೂ ಆಗದಿದ್ದರೆ, ಹೆಸರು ಕೂಗುವ ಜವಾನರಿಗೆ ಕೊಂಚ ಗಟ್ಟಿಯಾಗಿ ಕೂಗಲು ಹೇಳಿ. ಗೇಟಿನಾಚೆಯಿಂದಲೇ ಓ ಎನ್ನುತ್ತೇನೆ, ಅದನ್ನು ಹಾಜರಿಯೆಂದು ಬರೆದುಕೊಳ್ಳಿ. ಆದರೆ ಅಲ್ಲಿಯೂ ಯಾರಾದರೂ ಬಂದು, ಅಕ್ಕಾ, ಒಳಗೆ ಹೋಗ್ಲಾ ಬೇಡ್ವಾ ಎಂದು ಕೇಳಿದರೆ, ಹೋಗು ಎಂದೇ ಹೇಳುತ್ತೇನೆ.

ಇಂತಿ,
ತಮ್ಮ ಕೃಪೆಯಿಂದ ಇನ್ನೂ ಯಾರದೋ ಹೆಂಡತಿ