ಹೊಸ್ತಿಲಿಲ್ಲದ ಬಾಗಿಲು

೧೪ ಜನವರಿ ೨೦೨೫, ಮಂಗಳವಾರ

ಬೆಳಗ್ಗೆಯಿಂದ ಉಜ್ಜುಗೊರಡು ಹಿಡಿದು ಭುಜ ಸತ್ತಿದೆ. ಆದರೂ ಬಾಗಿಲುವಾಡ ಮುಗಿಯಿತು. ಕೊಪ್ಪದಿಂದ ತಂದ ಹಳೇ ತೇಗ. ನಾಲ್ಕಡಿ ಅಗಲ. ಇಂಥ ಕೂಡು ಹಾಕುವ ಬಡಗಿ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ, ನನ್ನ ಉಳಿ ಅವನಿಗೆ ಕೊಟ್ಟು ಮನೆಯಲ್ಲಿ ಕೂರುತ್ತೇನೆ. ಓದಿದ್ದು ಏಳನೇ ಕ್ಲಾಸು, ಅದೂ ಬಿಳಿಕೆರೆ ಸ್ಕೂಲಿನ ಹಿಂದಿನ ಬೆಂಚು. ಆದರೆ ಇಂಜಿನಿಯರುಗಳು ಕೇಳಲು ನನ್ನ ಅಂಗಡಿಗೇ ಬರುತ್ತಾರೆ. ಒಬ್ಬ ಬಂದಿದ್ದ... ದಾರಿ ಕೇಳಲು. ಇರಲಿ.

ಎಳ್ಳು-ಬೆಲ್ಲ ಕೊಡಲು ಗಾರೆ ಕೆಲಸದ ಸಿದ್ದಯ್ಯ ಬಂದ. ಬಾಗಿಲುವಾಡಕ್ಕೆ ಒಂದು ಸುತ್ತು ಬಂದು ಕೆಳಗೆ ನೋಡಿದ.

"ಹೊಸ್ತಿಲು ಎಲ್ಲಲಾ ಶಂಶು? ಮರ ಸಾಲ್ದೆ ಬಂತಾ?"

"ಹೊಸ್ತಿಲು ಇರಬಾರದು ಕಣೋ. ಗಾಲಿ ಕುರ್ಚಿ ಓಗ್ಬೇಕು."

"ಹೊಸ್ತಿಲಿಲ್ಲದ್ದು ಬಾಗ್ಲೇ ಅಲ್ಲ ಕಣ್ಲಾ. ಅರಿಸಿನ ಎಲ್ಲಿಗೆ ಹಚ್ಚೋದು, ನಿನ್ ಗಡ್ಡಕ್ಕಾ?"

ಬಾಗಿಲು ನಮ್ಮ ಆಯೇಷಾಗೆ. ತೀರಿಹೋದ ನನ್ನ ಅಕ್ಕನ ಮೊಮ್ಮಗಳು. ಆರು ವರ್ಷ, ಇನ್ನೂ ನಿಂತಿಲ್ಲ. ಹುಟ್ಟಿದಾಗಿನಿಂದ ಕಾಲು ಬಿಗಿ. ದಿನಾ ವ್ಯಾಯಾಮ ಮಾಡಿಸಿದರೆ ನಿಂತಾಳು, ಎಂಟು ತುಂಬಿದ ಮೇಲೆ ಕಷ್ಟ — ಮೈಸೂರಿನ ಡಾಕ್ಟರ ಮಾತು. ತಾಯಿ ಶಾಹಿಸ್ತಾ ಪ್ರತಿ ಮಂಗಳವಾರ ಅವಳನ್ನು ಸೊಂಟದ ಮೇಲೆ ಹೊತ್ತು ಬಸ್ಸು ಹತ್ತುತ್ತಾಳೆ. ವಾರಕ್ಕೊಂದು ಸಲ ಯಾವ ಮೂಲೆಗೆ?

ಪುರಸಭೆಯ ಹಳೇ ವಾಚನಾಲಯವನ್ನು ಇಂಥ ಮಕ್ಕಳ ವ್ಯಾಯಾಮದ ರೂಮು ಮಾಡಲು ಒಂಬತ್ತು ಲಕ್ಷ ಅನುದಾನ ಬಂದು ಎರಡು ವರ್ಷ. ಸಣ್ಣ ಕೆಲಸವೆಂದು ಯಾರೂ ಟೆಂಡರ್ ಹಾಕಲಿಲ್ಲ. ದುಡ್ಡು ಹಾಗೇ ಮಲಗಿದೆ. ರೂಮು ಸಿದ್ಧವಾದರೆ ಸರ್ಕಾರಿ ಆಸ್ಪತ್ರೆಯ ಫಿಸಿಯೋ ವಾರಕ್ಕೆ ಮೂರು ದಿನ ಬರುತ್ತಾರಂತೆ. ಮಲಗಿದ ದುಡ್ಡನ್ನು ಯಾರಾದರೂ ಎಬ್ಬಿಸಬೇಕಲ್ಲ. ಎಲ್ಲಿಯಾದರೂ ಸರಿ, ಬಾಗಿಲು ಇಟ್ಟ ಮೇಲೆ ಕೆಲಸ ನಿಲ್ಲುವುದಿಲ್ಲ. ಅದಕ್ಕೇ ನನ್ನ ಬಾಗಿಲು ಮೊದಲು.

೧೯ ಜನವರಿ, ಭಾನುವಾರ

ವಾಚನಾಲಯದಲ್ಲಿ ಬಾಗಿಲು ನಿಲ್ಲಿಸಿದೆವು. ಸಿದ್ದಯ್ಯ ಗಾರೆ ಹಾಕಿದ, ಮಾವಿನ ಸೊಪ್ಪೂ ಅವನೇ ಕಟ್ಟಿದ. ನಾನು ಫಾತಿಹಾ ಓದಿಸಿದೆ. ಎರಡು ಕಡೆಯಿಂದಲೂ ಶಿಫಾರಸು. ಮೇಲೆ ನನ್ನ ಕೈಯಾರೆ ಕೆತ್ತಿದ ಹಲಗೆ: ಕೊಡುಗೆ — ಶಂಶುದ್ದೀನ್, ಮರಗೆಲಸ. ಅಕ್ಷರ ಒಂದೊಂದೂ ಗೇಣುದ್ದ. ಒಂದು ಫ್ಯಾನು ಕೊಟ್ಟವರು ಮೂರು ರೆಕ್ಕೆಗೂ ಹೆಸರು ಬರೆಸುತ್ತಾರೆ. ನಾನು ಬಾಗಿಲು ಕೊಟ್ಟವನು.

ಕೌನ್ಸಿಲರ್ ಕೃಷ್ಣಕುಮಾರ್ ಬಂದಿದ್ದರು, ಜೊತೆಗೊಬ್ಬ ಪೇಪರಿನವನು. "ಬಾಗ್ಲು ಒಂದೇನಾ ಸಾಬ್ರೇ?" ಎಂದ ಅವನು. ಹತ್ತು ಜನ ನಿಂತಿದ್ದಾರೆ. ಹತ್ತೂ ಜನ ನನ್ನ ಬಾಯಿ ನೋಡುತ್ತಿದ್ದಾರೆ.

"ಬಾಗ್ಲೇನ್ ಮಹಾ. ಇಡೀ ರೂಮು ನಾನೇ ಮಾಡ್ಕೊಡ್ತೀನಿ, ಬರ್ಕೋ. ಆಫೀಸಿನ ದುಡ್ಡು ಕಾಯ್ಕಂಡು ಕೂತ್ರೆ ಮಕ್ಳು ಮುದುಕ್ರಾಯ್ತವೆ."

ಚಪ್ಪಾಳೆ. ಬರೆದುಕೊಂಡ.

ಮನೆಗೆ ಬಂದರೆ ಹೆಂಡತಿ ಅಕ್ತರುನ್ನೀಸಾ: "ಅಡುಗೆಮನೆ ಬಾಗ್ಲಿಗೆ ಒಂದು ಚಿಲಕ ಹಾಕಿ ಅಂತ ಮೂರು ವರ್ಷದಿಂದ ಕೇಳ್ತಿದೀನಿ." ದೊಡ್ಡ ಕೆಲಸದಲ್ಲಿರುವವರನ್ನು ಚಿಲಕ ಕೇಳಬಾರದು.

೨೨ ಜನವರಿ

ಪೇಪರಿನಲ್ಲಿ ಬಂತು. ಫೋಟೋ ಸಮೇತ. ಹತ್ತು ಕಾಪಿ ಕೊಂಡೆ. ಒಂದು ಅಂಗಡಿ ಗೋಡೆಗೆ. ಒಂದು ಸಿದ್ದಯ್ಯನಿಗೆ. ಅವನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ಎರಡು ಸಲ.

೧೮ ಫೆಬ್ರವರಿ, ಮಂಗಳವಾರ

ಶಾಹಿಸ್ತಾ ಇವತ್ತು ಮೈಸೂರಿಗೆ ಹೋಗಲಿಲ್ಲ. ಸೊಂಟ ಹಿಡಿದಿದೆ. ಮಗು ಭಾರವಾಗುತ್ತಿದೆ, ಬಸ್ಸಿನ ಮೆಟ್ಟಿಲು ಎತ್ತರ.

"ಹಿಮ್ಮಡಿ ಇನ್ನೂ ಮೇಲಕ್ಕೇ ಎಳ್ಕೊಂಡಿದೆ ಮಾಮು. ಮಾರ್ಚಿಗಾದ್ರೂ ರೂಮು ಆಗುತ್ತಾ?"

"ಕೃಷ್ಣಕುಮಾರ್ ನನ್ನ ಜೇಬಲ್ಲವ್ನೆ. ನೋಡ್ತಿರು."

ಮರದ ಹೊಟ್ಟಿನಲ್ಲಿ ಕೂತಿದ್ದ ಆಯೇಷಾ ನನ್ನ ಜೇಬು ಎಳೆದು ಇಣುಕಿದಳು. "ಬೀಡಿ ಮಾತ್ರ ಇದೆ ನಾನಾ." ಅಜ್ಜನ ಮಾನ ತೆಗೆಯುವುದು ಈಗಲೇ ಕಲಿತಿದ್ದಾಳೆ.

೧೫ ಮಾರ್ಚ್, ಶನಿವಾರ. ರಂಜಾನ್

ಪುರಸಭೆಯಿಂದ ಫೋನು. ಗುಮಾಸ್ತೆ ಚೈತ್ರ. ಇಪ್ಪತ್ತಕ್ಕೆ ಸಭೆ, ನನಗೆ ಸನ್ಮಾನವಂತೆ. ಬಿಳಿ ಜುಬ್ಬಾ ಇಸ್ತ್ರಿಗೆ ಕೊಟ್ಟೆ. ಉಪವಾಸದಲ್ಲಿ ಬಾಯಿ ಒಣಗಿದ್ದರೂ ಮೂರು ಬೀದಿಗೆ ಹೇಳಿ ಬಂದೆ.

೨೦ ಮಾರ್ಚ್, ಗುರುವಾರ. ಸಂಜೆ

ಬರೆಯಬೇಕು. ಕೈ ಬರುತ್ತಿಲ್ಲ.

ಪೇಟ ತೊಡಿಸಿದರು. ಶಾಲು. ಹಣ್ಣಿನ ಬುಟ್ಟಿ, ಅದರ ಮೇಲೆ ರೂಮಿನ ಬೀಗದ ಕೈ. ಹಿಂದಿನ ಸಾಲಿನಲ್ಲಿ ಶಾಹಿಸ್ತಾ, ತೊಡೆಯ ಮೇಲೆ ಆಯೇಷಾ. ನಾನೇ ಕರೆದುಕೊಂಡು ಹೋಗಿದ್ದೆ. ನೋಡಲಿ ಎಂದು.

ಪೇಟ ತಲೆಯ ಮೇಲಿರುವಾಗಲೇ ಚೈತ್ರ ನಡಾವಳಿ ಓದಿದಳು. ದಾನಿ ಶ್ರೀ ಶಂಶುದ್ದೀನ್ ಅವರು ಕೊಠಡಿಯ ಸಂಪೂರ್ಣ ಕೆಲಸವನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಡುವುದಾಗಿ ಬಹಿರಂಗವಾಗಿ ತಿಳಿಸಿರುವುದರಿಂದ... ಎರಡು ವರ್ಷದಿಂದ ಖರ್ಚಾಗದೆ ಉಳಿದಿರುವ ಅನುದಾನವನ್ನು ಇದೇ ಮಾರ್ಚ್ ಮೂವತ್ತೊಂದರೊಳಗೆ ಸರ್ಕಲ್ಲಿನ ಹೈಮಾಸ್ಟ್ ದೀಪಕ್ಕೆ ಬದಲಾಯಿಸಲು... ಲಗತ್ತು: ಪತ್ರಿಕೆಯ ತುಣುಕು.

ನನ್ನ ಪೇಪರು. ಹತ್ತು ಕಾಪಿ ಕೊಂಡದ್ದು.

"ಯಾರದಾದ್ರೂ ಆಕ್ಷೇಪಣೆ ಇದೆಯಾ?" ಅಧ್ಯಕ್ಷರು ಕೇಳಿದರು. ಏಳಬೇಕಿತ್ತು. ಅದು ಬಾಯಿಮಾತು ಸ್ವಾಮಿ, ನನ್ನ ಕೈಲಾಗದು ಎನ್ನಬೇಕಿತ್ತು. ಅಷ್ಟೇ. ಪೇಟ ಹೊತ್ತುಕೊಂಡು ಹೇಗೆ ಹೇಳುವುದು? ಎಲ್ಲರೂ ನೋಡುತ್ತಿದ್ದರು. ಕೈ ಮುಗಿದೆ.

ಚಪ್ಪಾಳೆ.

ಹೊರಗೆ ಬಂದರೆ ಶಾಹಿಸ್ತಾ ಅಳುತ್ತಿದ್ದಾಳೆ. ಸಂತೋಷಕ್ಕೆ. "ಇನ್ನು ಆಫೀಸಿನವರ ಹಂಗೇ ಇಲ್ಲ ಅಲ್ವಾ ಮಾಮು. ಎಲ್ಲಾ ನಿಮ್ಮ ಕೈಲೇ ಇದೆ."

೨೪ ಮಾರ್ಚ್, ಸೋಮವಾರ

ಯಾರಿಗೂ ಹೇಳದೆ ಪುರಸಭೆಗೆ ಹೋದೆ. ಚೈತ್ರಳ ಮೇಜಿನ ಮುಂದೆ ನಿಂತೆ.

"ನಂದು ಬಾಯಿ ಜೋರು ಕಣಮ್ಮ. ಅಂಗೆ ಅಂದ್ಬುಟ್ಟೆ. ಮಾತು ವಾಪಸ್ ತಗಂಡೆ ಅಂತ ಬರ್ಕೊಡ್ತೀನಿ, ದುಡ್ಡು ಅಲ್ಲೇ ಇರ್ಲಿ."

"ನಡಾವಳಿ ಮೈಸೂರಿಗೆ ಹೋಗಾಯ್ತು ಸಾರ್. ದೀಪದ ಕಂಬಕ್ಕೆ ಮೊದಲೇ ಟೆಂಡರ್ ಆಗಿತ್ತು, ದುಡ್ಡಿಗೆ ಕಾಯ್ತಿದ್ರು. ಅವತ್ತು ಸಭೇಲಿ ನೀವೊಂದು ಮಾತು ಬೇಡ ಅಂದಿದ್ರೆ ನಿಲ್ತಿತ್ತು."

"ಮುಂದಿನ ವರ್ಷ?"

"ದಾನಿಗಳು ಮಾಡ್ತಿರೋ ಕೆಲಸ ಅಂತ ದಾಖಲೆ ಆಗಿದೆ. ಅದೇ ರೂಮಿಗೆ ಮತ್ತೆ ಕೇಳೋಕಾಗಲ್ಲ ಸಾರ್."

ಮೆತ್ತಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಕೃಷ್ಣಕುಮಾರ್‌ಗೆ ಫೋನು ಮಾಡಿದೆ. "ಏನ್ ಸಾಬ್ರೇ, ತಮಾಷೆನಾ?" ಎಂದು ನಕ್ಕರು. ಅವರ ತಪ್ಪಲ್ಲ. ಇಷ್ಟು ವರ್ಷ ನಗಿಸಿಯೇ ಅಭ್ಯಾಸ ಮಾಡಿಸಿದ್ದೇನೆ.

ಅಂಗಡಿಗೆ ಬಂದು ಗೋಡೆಯ ಪೇಪರು ಕಿತ್ತೆ. ಅಂಟು ಗಟ್ಟಿ. ನನ್ನ ಮುಖ ಮಾತ್ರ ಗೋಡೆಯಲ್ಲೇ ಉಳಿಯಿತು.

೨೭ ಮಾರ್ಚ್

ಕೈ ಸುಮ್ಮನಿರಲಿಲ್ಲ. ಮಕ್ಕಳು ಹಿಡಿದು ನಿಲ್ಲುವ ಜೋಡಿ ಕಂಬಿ, ಮೈಸೂರಿನಲ್ಲಿ ಒಮ್ಮೆ ನೋಡಿದ್ದೆ. ಹೊನ್ನೆ ಮರದಲ್ಲಿ ಮಾಡಿದೆ. ಸಿಬಿರು ಏಳದ ಹಾಗೆ ಉಜ್ಜಿದೆ. ಆಯೇಷಾಳನ್ನು ನಿಲ್ಲಿಸಿ, ಎಣಿಸು, ನಾನಾ ಇದ್ದೇನೆ ಎಂದೆ. ನಾಲ್ಕರವರೆಗೆ ಎಣಿಸಿದಳು. ಐದಕ್ಕೆ ಕಿರುಚಿದಳು.

ಮೊಣಕಾಲು ಊದಿದೆ. ತಿಳಿದವರಿಲ್ಲದೆ ಮುಟ್ಟಬೇಡಿ ಎಂದರಂತೆ ಡಾಕ್ಟರು. ಶಾಹಿಸ್ತಾ ಮೊಣಕಾಲಿಗೆ ಪಟ್ಟಿ ಸುತ್ತಿದಳು. "ರೂಮಾದ್ಮೇಲೆ ಫಿಸಿಯೋನೇ ಬರ್ತಾರಲ್ಲ ಮಾಮು. ಅಲ್ಲೀವರೆಗೂ ಬೇಡ."

ಸಿದ್ದಯ್ಯನಿಗೆ ಮಾತ್ರ ಎಲ್ಲ ಹೇಳಿದೆ. ಬಾಯಿಯ ಎಲೆ-ಅಡಿಕೆ ಉಗಿದ.

"ಆ ಎಣ್ಮಗಿ ಶಾಹಿಸ್ತಾಗೆ ನೀನೇ ಹೇಳ್ಬುಡ್ಲಾ."

"ಹಬ್ಬ ಮುಗೀಲಿ."

"ಹೂಂ. ಬೇಡದಾಗ ಬಾಗ್ಲಂಗೆ ಹಾರು ಹೊಡೀತದೆ ನಿನ್ ಬಾಯಿ. ಬೇಕಾದಾಗ ಚಿಲಕ."

೩೧ ಮಾರ್ಚ್, ಸೋಮವಾರ. ಈದ್

ನಮಾಜು ಮುಗಿಸಿ ಬರುವಾಗ ನೋಡಿದೆ. ಸರ್ಕಲ್ಲಿನಲ್ಲಿ ಕಂಬಕ್ಕೆ ಗುಂಡಿ ತೋಡಿಯಾಗಿದೆ.

ಶೀರ್ ಖುರ್ಮಾ ತಂದ ಶಾಹಿಸ್ತಾ ಕೂರಲಿಲ್ಲ. "ಆಯೇಷಾಗೆ ರೂಮು ತೋರಿಸ್ಬೇಕು ಮಾಮು, ಕೀ ತಗೊಳ್ಳಿ." ಗಾಲಿ ಕುರ್ಚಿ ಯಾರದೋ. ಹಬ್ಬದ ದಿನದ ಮಟ್ಟಿಗೆ ಕೇಳಿ ತಂದಿದ್ದಾಳೆ.

ಹಸಿರು ಫ್ರಾಕು. ಎರಡು ಜಡೆ. ಮೊಣಕಾಲಿಗೆ ಇನ್ನೂ ಪಟ್ಟಿ. ಕುರ್ಚಿ ಬಾಗಿಲು ದಾಟಿತು — ಎಲ್ಲೂ ತಗುಲಲಿಲ್ಲ, ಕುಲುಕಲಿಲ್ಲ. ನಲವತ್ತು ವರ್ಷದಲ್ಲಿ ಇಷ್ಟು ಸರಿಯಾದ ಬಾಗಿಲು ಮಾಡಿಲ್ಲ.

ಒಳಗೆ ಹಳೇ ಪೇಪರಿನ ಕಟ್ಟು, ಪಾರಿವಾಳದ ಹಿಕ್ಕೆ, ಮುರಿದ ಬೆಂಚು.

"ಇಲ್ಲಿ ಏನೂ ಇಲ್ವಲ್ಲ ನಾನಾ."

ಶಾಹಿಸ್ತಾ ನಕ್ಕಳು. "ನಾನಾ ಮಾಡ್ತಾರೆ ಕಣೆ. ಪೇಟ ಸುಮ್ಮನೆ ಹಾಕಿದಾರಾ?" ಇಲ್ಲಿ ಕನ್ನಡಿ, ಇಲ್ಲಿ ಚಾಪೆ, ಇಲ್ಲಿ ಕಂಬಿ — ಗೋಡೆ ಮುಟ್ಟಿ ಮುಟ್ಟಿ ತೋರಿಸುತ್ತ ಹೋದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಬ್ಬ ಆಯ್ತಲ್ಲ. ಯಾವತ್ತಿಂದ ಶುರು ಮಾಮು?"

ಜೇಬಿನಿಂದ ಅಳತೆ ಟೇಪು ತೆಗೆದೆ. ಗೋಡೆಗೆ ಹಿಡಿದೆ. ಹತ್ತಡಿ ಎಂಟಂಗುಲ. ಇನ್ನೊಮ್ಮೆ ಹಿಡಿದೆ. ಅಷ್ಟೇ. ಟೇಪಿನ ಆ ತುದಿ ಆಯೇಷಾಳ ಕೈಯಲ್ಲಿ. ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ತಾನೂ ಕೆಲಸಕ್ಕೆ ಸೇರಿದವಳ ಹಾಗೆ. ಸುತ್ತಿಕೊಳ್ಳೋಣವೆಂದರೆ ಬಿಡಲಿಲ್ಲ. ಅವಳ ತಾಯಿ ಕಾಯುತ್ತಿದ್ದಳು. ಟೇಪು ಕೆಳಗಿಟ್ಟೆ. ಶಾಹಿಸ್ತಾ, ಇಲ್ಲಿ ಬಾ, ಈ ಬೆಂಚಿನ ಮೇಲೆ ಒಂದು ಗಳಿಗೆ ಕೂತ್ಕೋ, ಎಂದೆ. ಕೂತಳು. ನಾನು ಪೇಟ ತೊಡಿಸಿದ ದಿನದಿಂದ ಶುರು ಮಾಡಿ, ದುಡ್ಡು ಹೋದದ್ದು, ರೂಮು ನನ್ನ ಕೈಲಾಗದ್ದು, ಎಲ್ಲ ಹೇಳಿದೆ.