ಹಿತ್ತಾಳೆ ಸೂಜಿ

ಸೋಮವಾರ, ಬೆಳಿಗ್ಗೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ, ಅಪ್ಪ ಚೆನ್ನಾಗಿದ್ದಾರೆ, ಕಾರು ಮಾತ್ರ ಚೆನ್ನಾಗಿಲ್ಲ. ಮೊದಲ ಸಾಲಿನಲ್ಲೇ ಕಾರು ಬಂತಲ್ಲ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಂದಲೇ ಕಾಣುತ್ತಿದೆ. ಏನು ಮಾಡಲಿ, ಈ ಮನೆಯಲ್ಲಿ ಯಾವ ಮಾತು ಶುರುವಾದರೂ ಸುತ್ತಿ ಬಳಸಿ ಆ ಶೆಡ್ಡಿಗೇ ಹೋಗಿ ನಿಲ್ಲುತ್ತದೆ.

ಫೋನಿನಲ್ಲಿ ಹೇಳೋಣವೆಂದರೆ ದೊಡ್ಡಮ್ಮ ಸ್ಪೀಕರ್ ಹಾಕಿಬಿಡುತ್ತಾಳೆ. ನಾನು ಒಂದು ಮಾತಾಡಿದರೆ ಅವಳು ಹತ್ತು ಮಾತಾಡುತ್ತಾಳೆ, ಕೊನೆಯಲ್ಲಿ ನೀನು ‘ಹ್ಞೂಂ’ ಎಂದು ಇಡುತ್ತೀ. ನನಗೋ, ಕೇಳುವವರು ಒಬ್ಬರಿಗಿಂತ ಹೆಚ್ಚಾದರೆ ಬಾಯಿ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ದೊಡ್ಡಮ್ಮನಿಗೆ ಓದಿ ಹೇಳಬೇಡ. ಅವಳ ಮಂಡಿ ಹೇಗಿದೆ ಎಂದು ವಿಚಾರಿಸಿದ್ದೇನೆ ಅಂತ ಮಾತ್ರ ಹೇಳು.

ಮಂಡಿ ಎಂದಾಗ ನೆನಪಾಯಿತು. ನೀನು ಯಾಕೆ ಹೋದೆ ಎಂದು ಕೇಳಿದವರಿಗೆಲ್ಲ ಅಪ್ಪ ಈಗಲೂ ‘ಅವರಕ್ಕಂಗೆ ಮಂಡಿನೋವು’ ಎನ್ನುತ್ತಾರೆ. ನೀನು ಅಲ್ಲಿ ‘ಪೆಟ್ರೋಲ್ ವಾಸನೆ ಆಗಿಬರಲ್ಲ’ ಎಂದಿದ್ದೀಯಂತೆ. ನಾನು ಎರಡಕ್ಕೂ ತಲೆಯಾಡಿಸಿ ತಲೆಯಾಡಿಸಿ ನನ್ನ ಕತ್ತೇ ನೋಯುತ್ತಿದೆ. ಪಕ್ಕದ ಮನೆ ಆಂಟಿ ಕಾಂಪೌಂಡಿನ ಮೇಲಿಂದ ಬಗ್ಗಿ, ‘ನಿಮ್ಮಮ್ಮಂಗೆ ಆ ಕಾರೇ ಸವತಿ ಆಯ್ತಲ್ವೇನೇ’ ಎಂದರು. ನಾನು ಎಂದಿನಂತೆ ನಕ್ಕು ಒಳಗೆ ಬಂದೆ. ಬಂದ ಮೇಲೆ ಉತ್ತರ ಹೊಳೆಯಿತು: ಸವತಿಗೆ ಯಾರೂ ಅಷ್ಟು ಅಂದವಾಗಿ ಸೀಟು ಹೊಲಿದುಕೊಡುವುದಿಲ್ಲ ಆಂಟಿ.

ಇಲ್ಲಿನ ಸ್ಥಿತಿ ಹೇಳುತ್ತೇನೆ ಕೇಳು. ಅಪ್ಪ ಕಚೇರಿಯಿಂದ ಬಂದವರು ಚಪ್ಪಲಿ ಬಿಡುವುದು ಮನೆ ಬಾಗಿಲಲ್ಲಲ್ಲ, ಶೆಡ್ಡಿನ ಬಾಗಿಲಲ್ಲಿ. ಬೇಸಿಗೆಯಿಡೀ ಆ ನೂರು ವರ್ಷದ ಕಾರಿನ ಮರದ ಚಕ್ರಗಳಿಗೆ ಒದ್ದೆ ಗೋಣಿಚೀಲ ಸುತ್ತಿದರು, ಕಡ್ಡಿಗಳು ಒಣಗಿ ಸಡಿಲವಾಗಬಾರದಂತೆ. ನಮ್ಮ ಬಚ್ಚಲಿನ ಬಾಗಿಲು ಮಾತ್ರ ಮಳೆಗಾಲದಲ್ಲಿ ಉಬ್ಬಿ ಮುಚ್ಚದೇ ಹೋಯಿತು, ಅದು ಮರವೇ ಅಲ್ಲವೆಂಬಂತೆ ಓಡಾಡಿದರು. ವಾರಕ್ಕೊಮ್ಮೆ, ಪೆಟ್ರೋಲಿಲ್ಲದೆಯೇ, ಮುಂದಿನ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಾರೆ. ಒಳಗೆ ಬಿಗಿದುಕೊಂಡರೆ ಮುಗಿಯಿತಂತೆ. ಭಾನುವಾರ ಬಂದರೆ ಹಿತ್ತಾಳೆ. ಎರಡು ದೀಪ, ಹಾರನ್ನು, ರೇಡಿಯೇಟರಿನ ಚೌಕಟ್ಟು, ಎಲ್ಲಕ್ಕೂ ಬಿಳಿ ಪಾಲಿಷ್ ಹಚ್ಚಿ ಹಳದಿ ಫ್ಲಾನೆಲ್ ಬಟ್ಟೆಯಲ್ಲಿ ಉಜ್ಜುವುದು. ‘ಹಿತ್ತಾಳೆ ಅಂದ್ರೆ ಹಾಗೇ ಪುಟ್ಟಿ, ಒಂದು ವಾರ ತಿರುಗಿ ನೋಡ್ಲಿಲ್ಲ ಅಂದ್ರೆ ಮುಖ ಕಪ್ಪು ಮಾಡ್ಕೊಳತ್ತೆ’ ಎನ್ನುತ್ತಾರೆ. ‘ಹಿತ್ತಾಳೆ ಮಾತ್ರ ಅಲ್ಲಪ್ಪಾ’ ಎಂದು ನಾನು ಹೇಳಬೇಕಿತ್ತು.

ಇಷ್ಟೆಲ್ಲ ಸೇವೆ ಮಾಡಿಸಿಕೊಂಡೂ ಕಾರು ಓಡುವುದಿಲ್ಲ. ಒಂದು ಸೂಜಿ ಇಲ್ಲದ್ದಕ್ಕೆ.

ಆ ಸೂಜಿ ಯಾವುದೆಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಕಾರ್ಬ್ಯುರೇಟರಿನ ಪಕ್ಕದ ಪುಟ್ಟ ಬಟ್ಟಲಿನಲ್ಲಿ ನಿಲ್ಲುವ, ಬೆರಳುದ್ದದ ಹಿತ್ತಾಳೆ ಸೂಜಿ. ಬಟ್ಟಲು ತುಂಬಿದ ಕೂಡಲೇ ಏರಿ ಪೆಟ್ರೋಲಿನ ದಾರಿ ಮುಚ್ಚುವಂಥದ್ದು. ಅದಿಲ್ಲದಿದ್ದರೆ ಪೆಟ್ರೋಲೆಲ್ಲ ಹೊರಗೆ ಸುರಿಯುತ್ತದೆ. ಅಪ್ಪ ಬಟ್ಟಲು ಬಿಚ್ಚಿ ತೊಳೆಯುವಾಗಲೆಲ್ಲ ಆ ಸೂಜಿಯನ್ನು ಜೋಪಾನವಾಗಿ ಹಿಡಿದು ನಿಲ್ಲುತ್ತಿದ್ದವಳು ನೀನೇ ಅಲ್ಲವೇ? ಹಳೇ ಕಾರುಗಳ ಎರಡನೇ ಪ್ರದರ್ಶನಕ್ಕೆ ಹೊರಡಬೇಕಿದ್ದ ದಿನ ಅದು ಮಾಯವಾಗಿತ್ತು. ಅದೇ ಬೆಳಿಗ್ಗೆ ನೀನು ಬಸ್ಸು ಹತ್ತಿದ್ದೆ. ಅಪ್ಪ ಬಟ್ಟಲೊಳಗೆ ಬಹಳ ಹೊತ್ತು ನೋಡಿ, ‘ಇಲಿ ಎಳ್ಕೊಂಡು ಹೋಗಿರ್ಬೇಕು’ ಎಂದರು. ಮುಚ್ಚಳ ಬಿಚ್ಚಿ, ಸೂಜಿ ತೆಗೆದು, ಮತ್ತೆ ಮುಚ್ಚಳವನ್ನು ಬಿಗಿದು ಹೋಗುವ ಇಲಿ! ಅಂಥ ಅಚ್ಚುಕಟ್ಟಾದ ಇಲಿ ಈ ಬೀದಿಯಲ್ಲಿ ಒಂದೇ ಇದ್ದದ್ದು. ಆದರೆ ಈ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ಗುಜರಿ ಅಂಗಡಿಗಳು, ಹಳೇ ಗ್ಯಾರೇಜುಗಳು, ಎಲ್ಲೆಲ್ಲಿಯೋ ಇರುವ ಬಿಡಿಭಾಗದವರಿಗೆ ಪತ್ರಗಳು. ಪತ್ರ ಬರೆಯುವುದು ನಾನು. ಸಾಹಿತ್ಯ ಓದಿದ್ದು ಇದಕ್ಕಾದರೂ ಬಂತು ಎನ್ನುತ್ತಾರೆ ಲೇತ್ ಮಾವ. ಪಾಪ, ಅಪ್ಪನ ಸ್ನೇಹಿತರಾದ ತಪ್ಪಿಗೆ ಅವರು ತಮ್ಮ ಲೇತಿನಲ್ಲಿ ಸೂಜಿಯ ಮೇಲೆ ಸೂಜಿ ಕಡೆದುಕೊಟ್ಟರು. ಮೊದಲನೆಯದರ ತುದಿ ದಪ್ಪವಾಗಿ ನೆಲವೆಲ್ಲ ಪೆಟ್ರೋಲಾಯಿತು. ಸರಿ, ಅದು ಬೇಡ. ಆದರೆ ಆಮೇಲಿನವನ್ನು ಅಪ್ಪ ಹಾಕಿಯೂ ನೋಡಲಿಲ್ಲ! ಬೆಳಕಿಗೆ ಹಿಡಿಯುತ್ತಾರೆ, ‘ಇದು ಕೂರಲ್ಲ’ ಎಂದು ಕಿಟಕಿಯ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಒಂದು ದಿನ ಲೇತ್ ಮಾವನಿಗೆ ರೇಗಿ ಹೋಯಿತು. ‘ಹಾಕದೇನೇ ಕೂರಲ್ಲ ಅಂತೀಯಲ್ಲ ಮಾರಾಯ! ನಿನ್ನ ಕಾರಿಗೆ ನೂರು ವರ್ಷ ಆಯ್ತು, ನಿಂಗೂ ಆಗ್ಲಿ ಅಂತ ಕಾಯ್ತಿದೀಯಾ?’ ಎಂದು ಕೂಗಾಡಿದರು. ಹೋಗುವಾಗ ನನ್ನ ಕಡೆ ತಿರುಗಿ, ‘ಕವಯಿತ್ರಿಗಳೇ, ನಿಮ್ಮಪ್ಪನ ಮೇಲೆ ಒಂದು ಪದ್ಯ ಬರೀರಿ. ಹೆಸರು, ಸ್ಟಾರ್ಟ್ ಆಗದ ಮನುಷ್ಯ’ ಎಂದರು. ನಗು ಬಂತು. ನಗುವಷ್ಟು ಚೈತನ್ಯ ಇರಲಿಲ್ಲ.

ನನಗೆ ಸಾಕಾಗಿದೆ ಅಮ್ಮಾ. ಒಬ್ಬರು ಅಲ್ಲಿ ಕೂತು ಹ್ಞೂಂ ಎನ್ನುತ್ತೀರಿ, ಒಬ್ಬರು ಇಲ್ಲಿ ಕೂತು ಉಜ್ಜುತ್ತೀರಿ.

ನಿನ್ನೆಯ ವಿಷಯ ಹೇಳಲೆಂದೇ ಈ ಪತ್ರ. ಹೋದ ವಾರ ಅಪ್ಪ ಲೇತ್ ಮಾವನ ಹತ್ತಿರ, ‘ಗಾಡಿ ಕೊಟ್ಬಿಡ್ತೀನಿ ಕಣೋ. ಅವಳಾದ್ರೂ ಬರ್ಲಿ’ ಎನ್ನುವುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಹಿಡಿದಿದ್ದ ಸೌಟನ್ನು ಎತ್ತಿ ಬಿಸಾಡಬೇಕೆನ್ನಿಸಿತು. ನೀನು ಹೋದದ್ದು ಕಾರಿನ ಕಾರಣಕ್ಕೆ ಎಂದು ಈ ಮನುಷ್ಯ ಇನ್ನೂ ತಿಳಿದಿದ್ದಾರಲ್ಲ!

ಆ ದಿನ, ಮೊದಲ ಪ್ರದರ್ಶನದ ಮೈದಾನದಲ್ಲಿ ನಾನೂ ಇದ್ದೆ. ನೀವಿಬ್ಬರೂ ಅದನ್ನು ಮರೆತಿದ್ದೀರಿ. ನಾನು ಇರುವುದನ್ನು ಜನ ಮರೆಯುತ್ತಾರೆ, ಅದು ನನಗೆ ಅಭ್ಯಾಸ. ತೀರ್ಪುಗಾರರು ಹಿಂದಿನ ಸೀಟಿನ ಮೇಲೆ ಬಗ್ಗಿ, ಚರ್ಮದ ಆ ಚೌಕುಳಿಗಳ ಮೇಲೆ, ಗುಂಡಿಯಿಂದ ಗುಂಡಿಗೆ ಬೆರಳು ಓಡಿಸಿ, ‘ಈ ಕೆಲಸ ಯಾರ್ದು?’ ಎಂದು ಕೇಳಿದರು. ಅಪ್ಪ ಒಂದು ಕ್ಷಣವೂ ಯೋಚಿಸದೆ, ‘ಹೊರಗಡೆ ಕೊಟ್ಟು ಮಾಡಿಸಿದ್ದು ಸಾರ್’ ಎಂದರು. ಮನೆಯಲ್ಲಿ ಹೊಲಿದದ್ದೆಂದರೆ ಅಂಕ ಕಡಿಮೆಯಾದೀತೆಂದು ಹೆದರಿದರೋ ಏನೋ. ನೀನು ಅಲ್ಲೇ ಪಕ್ಕದಲ್ಲಿ, ನೀರಿನ ಬಾಟಲಿ ಹಿಡಿದು ನಿಂತಿದ್ದೆ. ದಪ್ಪ ದಾರ ಎಳೆದೂ ಎಳೆದೂ ಸೀಳಿದ ಬೆರಳುಗಳಿಗೆ ಇನ್ನೂ ಪಟ್ಟಿ ಇತ್ತು. ನೀನು ಅಪ್ಪನ ಮುಖ ನೋಡಲಿಲ್ಲ, ಸೀಟನ್ನು ನೋಡಿದೆ. ಅಪ್ಪನಿಗೆ ಎರಡನೇ ಬಹುಮಾನದ ಕಪ್ ಬಂತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪ ಹಾರನ್ ಹೊಡೆದರು. ನೀನು ನೀನೇ ಹೊಲಿದ ಸೀಟಿನ ಮೇಲೆ, ಬೇರೆಯವರ ಮನೆಯ ಕುರ್ಚಿಯ ಮೇಲೆ ಕೂತ ಹಾಗೆ, ಅಂಚಿನಲ್ಲಿ ಕೂತಿದ್ದೆ.

ಇರಲಿ. ನಿನ್ನೆ ಕಾರು ನೋಡಲು ಒಬ್ಬ ಬಂದ. ಮದುವೆಗಳಿಗೆ ಅಲಂಕಾರದ ಗಾಡಿ ಬಾಡಿಗೆಗೆ ಬಿಡುವವನು. ಅರ್ಧ ತಲೆ ನರೆತಿದ್ದರೂ ಅಪ್ಪನನ್ನು ಅಂಕಲ್ ಎನ್ನುತ್ತಿದ್ದ. ನಾನು ಚಹಾ ಹಿಡಿದು ಶೆಡ್ಡಿನ ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಹೋಗಲು ಧೈರ್ಯ ಸಾಲದೆ ನಿಂತದ್ದು, ಕದ್ದು ಕೇಳಲಿಕ್ಕಲ್ಲ. ಆದರೆ ಕೇಳಿಸಿತು.

ಅವನು ಬಾಗಿಲು ತೆಗೆದು ಸೀಟಿನ ಮೇಲೆ ದಪ್ಪಂತ ಕೂತು ಎರಡು ಸಲ ಕುಪ್ಪಳಿಸಿದ. ‘ಎಲ್ಲಾ ಓಕೆ ಅಂಕಲ್. ಈ ಸೀಟು ಮಾತ್ರ ಕಿತ್ತು ಬಿಸಾಕ್ಬೇಕು. ಕೆಂಪು ರೆಕ್ಸಿನ್ ಹಾಕ್ಸಿದ್ರೆ ಫೋಟೋದಲ್ಲಿ ಎದ್ದು ಕಾಣತ್ತೆ’ ಎಂದ.

ಅಪ್ಪ ದೀಪ ಉಜ್ಜುತ್ತಿದ್ದರು. ಬಟ್ಟೆ ನಿಂತಿತು. ‘ಸೀಟಿಗೆ ಕೈ ಹಚ್ಬೇಡಿ’ ಎಂದರು.

‘ಯಾಕಂಕಲ್, ಕಂಪನಿ ಸೀಟಾ?’

‘ನನ್ನ ಹೆಂಡ್ತಿ ಹೊಲಿದಿದ್ದು. ಒಂದೊಂದು ಗುಂಡಿನೂ ಅವಳೇ ಎಳೆದು ಕಟ್ಟಿದ್ದು. ಇಂಥ ಕೆಲಸ ಹೊರಗಡೆ ಎಲ್ಲಿ ಕೊಟ್ರೂ ಆಗ್ತಿರ್ಲಿಲ್ಲ.’

ನಾನು ಚಹಾದ ತಟ್ಟೆ ಹಿಡಿದು ಹೊಸ್ತಿಲವರೆಗೆ ಬಂದೆ. ಅಷ್ಟರಲ್ಲಿ ಅವನು, ‘ಓಹೋ, ಎಲ್ಲಿ ಆಂಟಿ? ಕಾಣ್ತಾನೇ ಇಲ್ಲ’ ಎಂದ.

‘ಅವರಕ್ಕಂಗೆ ಮಂಡಿನೋವು’ ಎಂದರು ಅಪ್ಪ.

ಅಮ್ಮಾ, ನನಗೆ ಎಷ್ಟು ಸಿಟ್ಟು ಬಂತು ಗೊತ್ತೇ? ಆಡಬೇಕಾದ ಮಾತನ್ನು ಒಂದಿಡೀ ಬೇಸಿಗೆ, ಒಂದಿಡೀ ಮಳೆಗಾಲ ಕಳೆದ ಮೇಲೆ ಆಡಿದರು. ಅದೂ ಯಾರ ಮುಂದೆ? ಕೆಂಪು ರೆಕ್ಸಿನ್ನಿನವನ ಮುಂದೆ! ಕೇಳಬೇಕಾದವಳನ್ನು ಬಿಟ್ಟು ಉಳಿದವರೆಲ್ಲ ಕೇಳಿಸಿಕೊಂಡರು. ನಾನು ಚಹಾ ಒಳಗಿಟ್ಟು, ಯಾರ ಮುಖವನ್ನೂ ನೋಡದೆ ಬಂದುಬಿಟ್ಟೆ.

ಆಮೇಲೆ ಅವನು ಸ್ಟಾರ್ಟ್ ಮಾಡಿ ತೋರಿಸಿ ಎಂದನಂತೆ. ಸೂಜಿಯಿಲ್ಲ ಎಂದರಂತೆ ಅಪ್ಪ. ಅಲ್ಲೇ ಇದ್ದ ಲೇತ್ ಮಾವ ಕಿಟಕಿಯ ಕಡೆ ಕೈ ತೋರಿಸಿ, ‘ಸೂಜಿ ಇಲ್ವಾ? ಅಂಗಡಿ ಇಡೋಷ್ಟಿದೆ ನೋಡಿ’ ಎಂದರಂತೆ. ಕೊನೆಗೆ ಬಂದವನು, ಬರುವ ಭಾನುವಾರ ತನ್ನದೇ ಮೆಕ್ಯಾನಿಕ್ಕನ್ನು ಕರೆತಂದು ಯಾವುದಾದರೂ ಸೂಜಿ ಹಾಕಿ ಓಡಿಸಿಯೇ ತೀರುತ್ತೇನೆ, ಓಡಿದರೆ ಹಾಗೇ ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಿದ್ದಾನೆ. ಸೀಟಿನ ಮಾತನ್ನು ಅವನು ವಾಪಸ್ ತೆಗೆದುಕೊಂಡಿಲ್ಲ. ಅಪ್ಪ ಬೇಡವೆಂದೂ ಹೇಳಲಿಲ್ಲ, ಹ್ಞೂಂ ಎಂದೂ ಹೇಳಲಿಲ್ಲ. ‘ನೋಡೋಣ’ ಎಂದರಂತೆ. ಈ ಮನೆಯಲ್ಲಿ ಎಲ್ಲರೂ ನೋಡುವವರೇ.

ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತೇನೆ, ಎದುರಿಗಿದ್ದರೆ ಹೇಳಲಾರೆ. ಆ ಅಚ್ಚುಕಟ್ಟಾದ ಇಲಿ ಸೂಜಿಯನ್ನು ಅಲ್ಲಿಗೇನಾದರೂ ಹೊತ್ತೊಯ್ದಿದ್ದರೆ, ಕಳಿಸಿಬಿಡಲು ಹೇಳು. ಕಾರು ಹೋದರೆ ಹೋಗಲಿ, ನಿನ್ನ ಸೀಟೂ ಹೋಗಲಿ, ನನಗಾದರೂ ನೆಮ್ಮದಿಯಾಗಿ ಒಂದು ಪುಸ್ತಕ ಓದಲು ಸಿಗಲಿ. ಅದು ಬೇಡವಾದರೆ ಭಾನುವಾರದೊಳಗೆ ನೀನೇ ಬಾ. ಎರಡೂ ಇಲ್ಲವೆಂದರೆ ಹಾಗೆಂದು ಬರೆ. ಹ್ಞೂಂ ಎಂದು ಮಾತ್ರ ಬರೆಯಬೇಡ.

ನಿಮ್ಮಿಬ್ಬರ ನಡುವೆ ತಟ್ಟೆ ಹಿಡಿದು ನಿಂತಿರುವ
ಪುಟ್ಟಿ

ಮರೆತ ಮಾತು, ಸಂಜೆ: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಅಂಚೆಗೆ ಹಾಕಲು ಹೊರಟವಳು ಅಪ್ಪನ ಕಚೇರಿ ಅಂಗಿಯ ಗುಂಡಿ ಬಿದ್ದಿದ್ದನ್ನು ನೋಡಿ ದಾರಕ್ಕಾಗಿ ನಿನ್ನ ಹೊಲಿಗೆ ಯಂತ್ರದ ಡ್ರಾಯರ್ ತೆಗೆದೆ. ನೀನು ಹೋದಮೇಲೆ ನಾನದನ್ನು ತೆಗೆದಿರಲಿಲ್ಲ. ಸೂಜಿ ಡಬ್ಬಿಯ ಪಕ್ಕದಲ್ಲೇ, ಸೀಟು ಹೊಲಿದು ಉಳಿದ ಚರ್ಮದ ತುಂಡಿನಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು, ಮುಟ್ಟಿದರೇ ತಿಳಿಯಿತು ಅದು ಆ ಸೂಜಿಯೆಂದು. ಅಲ್ಲಿಗೆ ನೀನು ಅದನ್ನು ಒಯ್ದೇ ಇರಲಿಲ್ಲ. ಅಪ್ಪ ಒಂದು ಸಲ ನಿನ್ನ ಡ್ರಾಯರ್ ತೆಗೆದು ನೋಡಿದ್ದರೆ ಸಾಕಿತ್ತು, ಊರೆಲ್ಲ ಹುಡುಕಿದರಲ್ಲ ಎಂದು ನನಗೆ ಅಳುವೇ ಬಂತು. ಆಮೇಲೆ ಚರ್ಮ ಬಿಚ್ಚಿದೆ. ಒಳಗೆ ಇನ್ನೊಂದು ಸುತ್ತು ಇತ್ತು. ಹಳದಿ ಫ್ಲಾನೆಲ್. ಅದೇ ಡ್ರಾಯರಿನಲ್ಲಿದ್ದ, ನೀನು ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೊಪ್ಪಿ ಕಪ್ಪಾಗಿಹೋಗಿದೆ. ಸೂಜಿ ಮಾತ್ರ ನಿನ್ನೆ ಉಜ್ಜಿದ ದೀಪದ ಹಾಗೆ ಹೊಳೆಯುತ್ತಿತ್ತು. ನಾನು ಅದನ್ನು ಇದ್ದ ಹಾಗೆಯೇ, ಮೊದಲು ಅವರ ಬಟ್ಟೆ, ಅದರ ಮೇಲೆ ನಿನ್ನ ಚರ್ಮ, ಸುತ್ತಿ ಅಲ್ಲೇ ಇಟ್ಟು ಡ್ರಾಯರ್ ಮುಚ್ಚಿದ್ದೇನೆ. ಗುಂಡಿ ಹಾಕಿಲ್ಲ. ಎಲ್ಲಿದೆ ಎಂದು ಗೊತ್ತಿದ್ದೂ ಇಷ್ಟು ದಿನ ಯಾಕೆ ಹಾಕಲಿಲ್ಲ ಎಂದು ಅವರನ್ನು ನಾನು ಕೇಳುವುದಿಲ್ಲ. ಭಾನುವಾರದೊಳಗೆ ಬಂದು ನೀನೇ ಕೇಳು.